ತಿರುಗಿ ಬಿದ್ದ ಸಾಕ್ಷಿ

“ಹಡದಾಕೀನ ಕೈಬಿಟ್ರ ಸತ್ತಾಕಿಗೆ ಯಾರು ದಿಕ್ಕು?”

ತೀರ್ಪು ಓದುತ್ತಿದ್ದ ಹುಡುಗ ಯಾರನ್ನೂ ನೋಡದೆ ಕೇಳಿದ. ಮಗಳನ್ನು ಅವಳ ಗಂಡನೇ ಸುಟ್ಟನೆಂದು ದೂರು ಕೊಟ್ಟಿದ್ದ ತಾಯಿ, ಕಟಕಟೆಯಲ್ಲಿ ನಿಂತು, ಸ್ಟೋವ್ ಸಿಡಿದದ್ದು ಎಂದುಬಿಟ್ಟಿದ್ದಳು. ಗಂಡ ಖುಲಾಸೆಯಾಗಿದ್ದ. ಸರ್ಕಾರದ ಮೇಲ್ಮನವಿ ಇಪ್ಪತ್ತು ವರ್ಷ ಕೊಳೆತು, ಈಗ ವಜಾ ಆಗಿತ್ತು.

ಕಾನೂನು ಕಾಲೇಜಿನ ವಿದ್ಯಾರ್ಥಿಗಳು ನಡೆಸುವ ಬ್ಲಾಗಿಗೆ ಅವನು ಆ ತೀರ್ಪಿನ ಮೇಲೆ ಪುಟ್ಟ ಟಿಪ್ಪಣಿ ಬರೆದ. ಅದರ ಕೊನೆಯ ಸಾಲು: “ಈ ತಾಯಿ ಮಗಳ ಬೂದಿಯನ್ನೂ ಮಾರಿಕೊಂಡಳು.”

ಬ್ಲಾಗಿನ ಸಂಪಾದಕಿ ಅವನ ಸಹಪಾಠಿಯೇ. ಅದೊಂದು ಸಾಲನ್ನು ಅಳಿಸಿದಳು.

“ಯಾಕ ತಗದಿ? ಅದ ಅಲ್ಲೇನು ಟಿಪ್ಪಣಿಯ ಜೀವ?”

“ಅದು ಸುಳ್ಳು. ಆಕಿ ಯಾರ ರೊಕ್ಕಾನೂ ಮುಟ್ಟಿಲ್ಲ. ಮಗಳ ತೊಟ್ಟಿಲ ಕೂಸು ಅಳಿಯನ ಮನ್ಯಾಗ ಇತ್ತು. ಖರೇ ಹೇಳಿದ್ರ ಕೂಸೂ ಉಳಿಯಂಗಿಲ್ಲ ಅಂತ ಅವ ಹೆದರಿಸಿದ್ದ.”

“ತೀರ್ಪಿನ್ಯಾಗ ಇದೆಲ್ಲಾ ಎಲ್ಲೈತಿ? ನಿನಗ್ಯಾರು ಹೇಳಿದ್ರು?”

“ಆ ತಾಯೀನ ಹೇಳಿದ್ಲು. ಹೋದ ವರ್ಷ ಸಾಯೂ ಮುಂದ, ನನ್ನ ಕೈ ಹಿಡಕೊಂಡು.”

ಅವನು ತೀರ್ಪಿನ ಪ್ರತಿ ಮಡಚಿಟ್ಟ. ಆಮೇಲೆ ಮೆಲ್ಲಗೆ ಅಂದ: “ಹಂಗಾರ ನಂದು ಬ್ಯಾಡ ಬಿಡು. ಇಷ್ಟೆಲ್ಲಾ ಗೊತ್ತಿದ್ದಾಕಿ, ನೀನ ಬರಿ. ನಿನ್ನ ಹೆಸರಿನ್ಯಾಗ ಹಾಕೂಣು.”

“ನಾ ಬರಿಯಂಗಿಲ್ಲ,” ಎಂದಳು ಅವಳು. “ನಮ್ಮಪ್ಪ ಈ ಬ್ಲಾಗಿನ ಒಂದು ಸಾಲೂ ಬಿಡದ ಓದ್ತಾನ.”