ಕೆಳಗಿನ ಫೋನು

"ಅಕ್ಕ, ಒಂದ್ಸಲ ಫೋನ್ ಎತ್ತಿ," ಎಂದ ಲೈನ್‌ಮ್ಯಾನ್ ನಟರಾಜು. ಚಿಕ್ಕತಾಯಮ್ಮ ರಿಸೀವರ್ ಎತ್ತಿದ ಕೂಡಲೇ ಮಹಡಿಯಿಂದ ಓರಗಿತ್ತಿ ಸೌಭಾಗ್ಯ ಕೂಗಿದಳು: "ಓಯ್ತು! ನೆಟ್ ಓಯ್ತು!"

ಸೌಭಾಗ್ಯ ಕಂಪ್ಯೂಟರ್ ಮುಂದೆ ಕೂತು ಕೊಳ್ಳೇಗಾಲದ ರೇಷ್ಮೆ ಸೀರೆಗಳನ್ನು ದೂರದೂರಿನವರ ಜೊತೆ ಮಾತಾಡುತ್ತ ತೋರಿಸಿ ಮಾರುತ್ತಿದ್ದಳು. ಇಡೀ ಮನೆಗೆ ಒಂದೇ ಫೋನ್ ತಂತಿ, ಇಂಟರ್‌ನೆಟ್ ಬರುವುದೂ ಅದರಲ್ಲೇ. ವ್ಯಾಪಾರ ಕುದುರುವ ಹೊತ್ತಿಗೇ ಅದು ನಿಂತುಹೋಗುತ್ತಿತ್ತು.

"ಈ ಫೋನ್ಗೆ ಫಿಲ್ಟರೇ ಇಲ್ಲ ಕಣಕ್ಕ," ಎಂದ ನಟರಾಜು. " ಎತ್ತಿದಾಗೆಲ್ಲ ಮೇಲೆ ಕಟ್ಟಾಯ್ತದೆ. ಅಷ್ಟೊಂದ್ ಸಲ ಯಾರ್ಗೆ ಮಾಡ್ತೀರಿ?"

"ನಮ್ಮವ್ವಂಗೆ," ಎಂದಳು ಚಿಕ್ಕತಾಯಮ್ಮ. ಮಹಡಿಯಲ್ಲಿ ಸೌಭಾಗ್ಯಳ ನಗು ಕೇಳಿದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು. ಒಲೆ ಮೇಲಿನ ಸಾರನ್ನೂ ಬಿಟ್ಟು ಬಂದು ರಿಸೀವರನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದಳು. ಕೇಳುತ್ತಿದ್ದುದು ಬರೀ ಗೊರಗೊರ ಸದ್ದು.

ನಟರಾಜು ಬೆಂಕಿಪೊಟ್ಟಣದಷ್ಟು ದೊಡ್ಡ ಫಿಲ್ಟರ್ ಡಬ್ಬಿಯೊಂದನ್ನು ಫೋನಿನ ತಂತಿಗೆ ಸಿಕ್ಕಿಸಿದ. "ಇನ್ನು ಎತ್ತುದ್ರೂ ನೆಟ್ ಓಗಲ್ಲ. ಆ ಗೊರಗೊರಾನೂ ಇರಲ್ಲ."

ಚಿಕ್ಕತಾಯಮ್ಮನ ಮುಖ ಅರಳಿತು. "ಅಂಗಾರೆ, ಇವ್ಳು ಗಿರಾಕಿಗಳ ತಾವ ಆಡೋ ಮಾತು ಇನ್ಮೇಲೆ ಚೆನ್ನಾಗ್ ಕೇಳ್ತದಾ?"

"ನಂಗಂತೂ ಚೆನ್ನಾಗೇ ಕೇಳ್ತು ಕಣಕ್ಕ," ಎಂದಳು ಮೆಟ್ಟಿಲಿಳಿದು ಬಂದು ಹಿಂದೆಯೇ ನಿಂತಿದ್ದ ಸೌಭಾಗ್ಯ.