ದೂರದ ಲೆನ್ಸ್

ಮದುವೆ ಫೋಟೋಗ್ರಫಿ ಶುರು ಮಾಡಲಿದ್ದ ಹಂಸವೇಣಿಗೆ ಸಾಮಾನು ತೋರಿಸಿ ತೋರಿಸಿ ಅಂಗಡಿಯ ಪರ್ವತಯ್ಯನವರಿಗೆ ಸಾಕಾಗಿಹೋಗಿತ್ತು. ಕ್ಯಾಮೆರಾ ಯಾವುದಾದರೂ ಸರಿ ಎಂದವಳು ಲೆನ್ಸಿನ ವಿಷಯದಲ್ಲಿ ಮಾತ್ರ ಹಟ ಹಿಡಿದಿದ್ದಳು.

"ಇಷ್ಟು ಉದ್ದದ್ದು ಹಕ್ಕಿ ಫೋಟೋ ತೆಗೆಯೋರಿಗಮ್ಮ. ಧಾರೆ ಹೊತ್ತಿಗೆ ನೀನು ಮಂಟಪದ ಪಕ್ಕದಲ್ಲೇ ಇರಬೇಕು. ಈ ಚಿಕ್ಕದು ತಗೊ."

"ಬೇಡ ಸಾರ್. ಛತ್ರದ ಬಾಗಿಲಲ್ಲಿ ನಿಂತರೂ ಮುಖ ಸಿಗೋ ಅಂಥದ್ದೇ ಕೊಡಿ."

"ಹೊಸಬರಿಗೆ ಸಂಕೋಚ ಇದ್ದದ್ದೇ. ನಾಲ್ಕು ಮದುವೆ ತೆಗೆದ ಮೇಲೆ ಹೋಗುತ್ತೆ."

"ಸಂಕೋಚ ಅಲ್ಲ ಸಾರ್," ಎಂದು ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ವಾದ ಮಾಡುವ ತ್ರಾಣ ಅವಳಲ್ಲೂ ಉಳಿದಿರಲಿಲ್ಲ.

ಪರ್ವತಯ್ಯನವರು ಅವಳು ಕೇಳಿದ ಲೆನ್ಸನ್ನೇ ಒರೆಸಿ ಡಬ್ಬಕ್ಕೆ ಹಾಕಿದರು.

"ಆಯ್ತು, ನಿನ್ನಿಷ್ಟ. ಮೊದಲನೇ ಆರ್ಡರ್ ಯಾರ ಮದುವೇದು?"

"ನಮ್ಮಪ್ಪಂದು."