ಫಕೀರಪ್ಪನ ಕುರ್ಚಿಯ ತಲೆದಿಂಬು

ಕಟಿಂಗ್ ಶಾಪಿನ ಕುರ್ಚಿಯ ಹಿಂದೆ ಒಂದು ಪುಟ್ಟ ದಿಂಬು ಇರುತ್ತದಲ್ಲ... ನಾವೆಲ್ಲ ಅದಕ್ಕೆ ತಲೆ ಕೊಟ್ಟು ಕಣ್ಣು ಮುಚ್ಚಿದವರೇ. ಅದನ್ನು ಸರಿಯಾಗಿ ನೋಡಿದವರು ಮಾತ್ರ ಕಡಿಮೆ.

ಗದಗಿನ ಒಂದು ಓಣಿಯಲ್ಲಿ ಫಕೀರಪ್ಪ ಹಡಪದನ ಅಂಗಡಿ. ಇರುವುದು ಒಂದೇ ಕುರ್ಚಿ, ಹಳೇ ಕಬ್ಬಿಣದ್ದು. ಅದರ ಬೆನ್ನಿಗೆ ಕಂಬಿಯಿಂದ ಸಿಕ್ಕಿಸಿ ತೆಗೆಯುವ ತಲೆದಿಂಬು.

ಕಟಿಂಗ್ ಇದ್ದರೆ ಅದನ್ನು ಕಳಚಿ ಮೊಳೆಗೆ ನೇತು ಹಾಕುವುದು... ದಾಡಿ ಇದ್ದರೆ ಸಿಕ್ಕಿಸಿ ತಿರುಪು ಬಿಗಿಯುವುದು.

ಆ ದಿಂಬಿಗೆ ಕೆಂಪು ರೆಕ್ಸಿನ್ ಕವರ್ ಹೊಲಿದು ಕೊಟ್ಟವನು ಪಕ್ಕದ ಓಣಿಯ ಟೇಲರ್ ಅಂದಾನಪ್ಪ. ಫಕೀರಪ್ಪನ ಜೀವದ ಗೆಳೆಯ. ಅಳತೆಗೆಂದು ತನ್ನ ತಲೆಯನ್ನೇ ಇಟ್ಟು ನೋಡಿದ್ದ.

"ಇದರ ಮ್ಯಾಲೆ ಮೊದಲ ತಲಿ ನಂದು" ಅಂದಿದ್ದ.

ಅಂಥ ಗೆಳೆತನ ಒಂದು ಬೆಳಗ್ಗೆ ಮುರಿದು ಬಿತ್ತು...

ಅವತ್ತು ಅಂದಾನಪ್ಪನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ದಾಡಿ ಮಾಡಿಸಲು ಬಂದು ಕೂತ. ಮಾತಿನ ಭರದಲ್ಲಿ ಫಕೀರಪ್ಪ ತಿರುಪು ಬಿಗಿಯುವುದನ್ನೇ ಮರೆತ.

ಅರ್ಧ ದಾಡಿ ಆಗಿತ್ತು. ದಿಂಬು ಸರಕ್ಕನೆ ಜಾರಿತು... ತಲೆ ಹಿಂದಕ್ಕೆ ಬಿತ್ತು... ಕೆನ್ನೆಗೆ ಕತ್ತಿ ತಾಗಿ ರಕ್ತ ಬಂತು.

"ತಪ್ಪಾತಪಾ" ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂಗಡಿ ತುಂಬ ಜನ. ಫಕೀರಪ್ಪನಿಗೆ ನಾಚಿಕೆಯಾಯಿತು, ಅದನ್ನು ಮುಚ್ಚಿಕೊಳ್ಳಲು ಚೇಷ್ಟೆ ಮಾಡಿದ.

"ಬೀಗರು ಬರ್ತಾರಂತ ನಿನ್ನ ತಲಿ ಭಾರ ಆಗೇತಿ ನೋಡು. ದಿಂಬು ತಡೀಲಿಲ್ಲ."

ಎಲ್ಲರೂ ನಕ್ಕರು. ಅಂದಾನಪ್ಪ ನಗಲಿಲ್ಲ. ಅರ್ಧ ದಾಡಿಯಲ್ಲೇ ಎದ್ದು ಹೋದ.

ಮುಂದಿನ ವಾರ ಅವನು ಎದುರಿನ ಹೊಸ ಸಲೂನಿನ ಮೆಟ್ಟಿಲು ಹತ್ತುವುದು ಕಾಣಿಸಿತು. ಫಕೀರಪ್ಪ ಸಿಟ್ಟಿನಿಂದ ಬಾಗಿಲಿಗೆ ಬೆನ್ನು ತಿರುಗಿಸಿದ.

"ಬೇಕಿದ್ರ ಅವನೇ ಬರ್ಲಿ. ನನ್ನ ಕುರ್ಚಿ ಎದ್ದು ಅವನ ಮನಿಗೆ ಹೋಗತೈತೇನು?" ಅಂದ.

ಮಗಳ ಮದುವೆಯ ಕಾರ್ಡ್ ಬಂತು. ಬೇರೆಯವರ ಕೈಯಲ್ಲಿ ಕಳಿಸಿದ್ದಾನೆಂದು ಫಕೀರಪ್ಪ ಹೋಗಲಿಲ್ಲ. ಹೀಗೇ ವರ್ಷಗಳು ಉರುಳಿದವು...

ಒಂದು ಭಾನುವಾರ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಬಾಗಿಲಲ್ಲಿ ಅಂದಾನಪ್ಪನ ಹೆಂಡತಿ ನೀಲವ್ವ ಬಂದು ನಿಂತಳು. ಹೆಣ್ಣುಮಕ್ಕಳು ಅಲ್ಲಿಗೆ ಬರುವ ರೂಢಿಯಿಲ್ಲ. ಫಕೀರಪ್ಪ ಕತ್ತರಿ ಕೆಳಗಿಟ್ಟ.

"ಅಣ್ಣಾರ, ಇವರಿಗೆ ಲಕ್ವಾ ಹೊಡದೈತ್ರಿ. ಮಾತು ಹೋಗೇತಿ, ಕುತ್ತಿಗಿ ನಿಲ್ಲಂಗಿಲ್ಲ. ಎದುರಿನ ಸಲೂನಿನವರು ಮನಿಗೆ ಬಂದು ನೋಡಿ, ಕತ್ತಿ ಹಚ್ಚಾಕ ಅಂಜಿ ಹ್ವಾದ್ರು."

ಮತ್ತೆ ಹೇಳಿದಳು. "ಗಡ್ಡ ಮುಟ್ಟಿ, ಹಿಂದಿನ ತಲಿ ಬಡಕೊಂಡು, ಕೆಂಪು ಅರಿವಿ ತೋರಸ್ತಾರ. ನಾವು ಹಾಸಿಗಿ ದಿಂಬು ಕೊಟ್ರ ಒಗದು ಬಿಡ್ತಾರ. ನಿನ್ನೆ ತಿಳೀತ್ರಿ... ಅವರು ಕೇಳೂದು ನಿಮ್ಮ ಕುರ್ಚಿ ದಿಂಬು."

ಫಕೀರಪ್ಪ ಮೊಳೆಯ ಮೇಲಿನ ದಿಂಬಿನತ್ತ ನೋಡಿದ. ಅಷ್ಟು ವರ್ಷದ ಸಿಟ್ಟು ಆ ಒಂದು ಮಾತಿಗೆ ಕರಗಿ ಹೋಯಿತು.

"ಬರ್ತೇನ್ರಿ ವೈನಿ. ಇವತ್ತು ಗಿರಾಕಿ ಭಾಳ ಅದಾರ. ಮಂಗಳವಾರ ರಜಾ ಐತಲ್ಲ... ಅವತ್ತು ಆರಾಮಾಗಿ ಬಂದು ಕುಂದರ್ತೇನಿ."

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ದಾಡಿಯ ಜೊತೆಗೆ ಕ್ಷಮೆಯನ್ನೂ ಕೇಳಬೇಕಿತ್ತು... ಅದಕ್ಕೆ ಪುರುಸೊತ್ತು ಬೇಕಲ್ಲ ಎಂದುಕೊಂಡ.

ಸೋಮವಾರ ಸಂಜೆ ಕೂತು ದಿಂಬು ಒರೆಸಿದ. ಅದರ ಕಂಬಿಗೆ ಎಣ್ಣೆ ಹಾಕಿದ. ಹೇಳಬೇಕಾದ ಮಾತನ್ನು ಅಂಗಡಿಯ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದ.

ಮಂಗಳವಾರ ಬೆಳಗ್ಗೆ ದಿಂಬನ್ನು ಕಳಚಿ ಟವೆಲ್ಲಿನಲ್ಲಿ ಸುತ್ತಿಕೊಂಡು, ದಾಡಿಯ ಸಾಮಾನು ಹಿಡಿದು ಹೊರಟ. ಓಣಿಯ ತಿರುವಿನಲ್ಲೇ ಭಜನೆ ಕೇಳಿಸಿತು...

ಅಂದಾನಪ್ಪ ರಾತ್ರಿಯೇ ತೀರಿಕೊಂಡಿದ್ದ.

ತೀರಿಹೋದವರನ್ನು ಕೂಡಿಸುವುದು ಅವರಲ್ಲಿ ಪದ್ಧತಿ. ಅಂದಾನಪ್ಪನನ್ನು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂಡಿಸಿದ್ದರು. ಗೋಡೆಯ ಮೊಳೆಗೆ ಬಟ್ಟೆ ಕಟ್ಟಿ ಹಿಡಿದರೂ ತಲೆ ಪಕ್ಕಕ್ಕೆ ವಾಲುತ್ತಿತ್ತು. ಮುಖದ ತುಂಬ ಬಿಳಿ ಗಡ್ಡ.

ಫಕೀರಪ್ಪ ಒಳಗೆ ಹೋದ. ದಿಂಬಿನ ಕಂಬಿಯನ್ನು ಆ ಕುರ್ಚಿಯ ಬೆನ್ನಿಗೆ ಟವೆಲ್ಲಿನಿಂದ ಕಟ್ಟಿದ. ಗೆಳೆಯನ ತಲೆಯನ್ನು ಎರಡೂ ಕೈಯಿಂದ ಎತ್ತಿ ಅದರ ಮೇಲಿಟ್ಟ.

ತಲೆ ನಿಂತಿತು... ತಾನೇ ಅಳತೆ ಕೊಟ್ಟು ಹೊಲಿದ ದಿಂಬಲ್ಲವೇ.

"ವೈನಿ, ದಾಡಿ ಮಾಡ್ಲೇನ್ರಿ?"

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಾಡ್ರಿ ಅಣ್ಣಾರ. ಎದುರಿನ ಅಂಗಡ್ಯಾಗ ಬರೇ ಕಟಿಂಗ್ ಮಾಡಸ್ತಿದ್ರು. ದಾಡಿ ಮನ್ಯಾಗ ತಾವೇ ಮಾಡ್ಕೊಂತಿದ್ರು. ಕುತ್ತಿಗಿ ಕೊಡೂದು ಒಬ್ಬಾವನ ಕೈಗೆ ಅಷ್ಟೇ, ಅಂತಿದ್ರು..."

ಗೆಳೆಯ ಎದುರಿನ ಸಲೂನಿಗೆ ಹೋಗುವುದನ್ನು ಫಕೀರಪ್ಪ ಇಷ್ಟು ವರ್ಷವೂ ನೋಡಿದ್ದ. ಅವನ ಮನಸ್ಸಿನಲ್ಲಿ ಏನಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಫಕೀರಪ್ಪ ನೊರೆ ಹಚ್ಚಿದ. ಕತ್ತಿ ಹಿಡಿಯುವ ಮೊದಲು ದಿಂಬು ಕಟ್ಟಿದ ಟವೆಲ್ಲಿನ ಗಂಟು ಬಿಗಿದ. ಇನ್ನೊಮ್ಮೆ ಬಿಗಿದ. ಅಂಗೈಯಿಂದ ಒತ್ತಿ ನೋಡಿದ. ಆಮೇಲೆ ಗೆಳೆಯನ ಕಿವಿಯ ಹತ್ತಿರ ಬಾಗಿದ...

"ಬಿಗಿ ಮಾಡೇನೋ ಅಂದಾನಪ್ಪ. ಈ ಸಲ ಜಾರಂಗಿಲ್ಲ. ಅವತ್ತು ತಪ್ಪು ನಂದೇ ಇತ್ತು."

ಕನ್ನಡಿಯ ಮುಂದೆ ಹೇಳಿ ನೋಡಿದ್ದ ಮಾತು ಇದೇ. ಕೇಳಬೇಕಾದವನು ಕಣ್ಣು ಮುಚ್ಚಿ ಕೂತಿದ್ದ... ದಾಡಿಗೆ ಕೂತಾಗಲೆಲ್ಲ ಅವನು ಹಾಗೆಯೇ ಕೂರುತ್ತಿದ್ದ.

ಇವತ್ತಿಗೂ ಫಕೀರಪ್ಪನ ಅಂಗಡಿಗೆ ಮಂಗಳವಾರವೇ ರಜೆ. ಆದರೆ ಹಾಸಿಗೆ ಹಿಡಿದವರ ಮನೆಯಿಂದ ಯಾರಾದರೂ ಬಂದು ಕರೆದರೆ, ಭಾನುವಾರದ ರಶ್ ಇದ್ದರೂ ಅವನು ಕಾಯುವುದಿಲ್ಲ.

"ಸ್ವಲ್ಪ ಕುಂದರ್ರಿ, ಬಂದೆ" ಎಂದು ಗಿರಾಕಿಗಳಿಗೆ ಹೇಳಿ, ದಿಂಬು ಕಳಚಿಕೊಂಡು ಹೊರಟುಬಿಡುತ್ತಾನೆ. ಓಣಿಯ ಜನಕ್ಕೆ ಕಾರಣ ಗೊತ್ತು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕ್ಷಮೆ ಕೇಳುವ ಕೆಲಸಕ್ಕೆ ರಜೆಯ ದಿನ ನೋಡಬೇಡಿ.

ನೀವು ಯಾರ ಮನೆಗೆ "ಮಂಗಳವಾರ ಹೋದರಾಯಿತು" ಅಂದುಕೊಂಡು ಕೂತಿದ್ದೀರಿ...?